ನಿಮಗಿದು ಗೊತ್ತೆ? ತಂತಿ ಒಂದೇ, ಜಾಲ ಹಲವು

ತಾಲ್ಲೂಕು ಕಚೇರಿಯಂಥ ಕಟ್ಟಡದಲ್ಲಿ ಖಜಾನೆ, ಭೂಮಾಪನ, ನೋಂದಣಿ ವಿಭಾಗಗಳ ಕಂಪ್ಯೂಟರ್‌ಗಳನ್ನೆಲ್ಲ ಒಂದೇ ನೆಟ್‌ವರ್ಕ್ ಸ್ವಿಚ್‌ಗೆ ಜೋಡಿಸಿದರೂ ಒಬ್ಬರ ಮಾಹಿತಿ ಇನ್ನೊಬ್ಬರತ್ತ ಹರಿಯದಂತೆ ಬೇರ್ಪಡಿಸಬಹುದು. ಈ ಉಪಾಯವೇ ವರ್ಚುವಲ್ ಲ್ಯಾನ್, ಚಿಕ್ಕದಾಗಿ ವಿ-ಲ್ಯಾನ್.

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದ ಹಾಗೆ ಇದು. ಪ್ರತಿ ಗಂಟಿಗೂ ಊರಿನ ಚೀಟಿ. ಆ ಊರು ಬಂದಾಗ ಇಳಿಸಿ, ಚೀಟಿ ಕಿತ್ತು ಕೊಡುತ್ತಾರೆ. ಶಿರಾ ಚೀಟಿಯದು ಈ ಬಸ್ ಹತ್ತುವುದೇ ಇಲ್ಲ, ಅದರ ದಾರಿ ಬೇರೆ. ಸ್ವಿಚ್‌ಗಳು ಒಂದಕ್ಕಿಂತ ಹೆಚ್ಚಿದ್ದಾಗ ಅವುಗಳ ನಡುವಿನ ಟ್ರಂಕ್ ತಂತಿಯೇ ಆ ಬಸ್ಸು, ಮಾಹಿತಿಯ ತುಂಡು ಅಂದರೆ ಫ್ರೇಮ್ ಆ ಗಂಟು, ಅದು ಯಾವ ವಿ-ಲ್ಯಾನ್‌ನದೆಂಬ ಗುರುತೇ ಚೀಟಿ. ಚೀಟಿ ಅಂಟಿಸುವುದು, ಕೀಳುವುದು ಸಾಮಾನ್ಯವಾಗಿ ಸ್ವಿಚ್‌ನದೇ ಕೆಲಸ. ಕಂಪ್ಯೂಟರಿಗೆ ಅದರ ಸುಳಿವೂ ಇರುವುದಿಲ್ಲ.

1998ರ ಐಇಇಇ 802.1ಕ್ಯೂ ಮಾನದಂಡದ ಪ್ರಕಾರ ಚೀಟಿಯ ಗಾತ್ರ ಬರೀ 4 ಬೈಟ್. ಅದರಲ್ಲಿ ಜಾಲದ ಸಂಖ್ಯೆಗೆ 12 ಬಿಟ್ ಮೀಸಲು. ಲೆಕ್ಕಕ್ಕೆ 4096 ಆದರೂ 0 ಮತ್ತು 4095 ಬಳಕೆಗಿಲ್ಲ, ಉಳಿಯುವುದು 4094. ಒಂದು ತಾಲ್ಲೂಕಿಗೆ ಧಾರಾಳ ಸಾಕು! ಇನ್ನು 3 ಬಿಟ್ ಆದ್ಯತೆಗೆ: ಫೈಲಿಗಿಂತ ಫೋನ್ ಕರೆ ಮುಂದೆ ಹೋಗಲಿ ಎಂದು.

ಎರಡು ವಿ-ಲ್ಯಾನ್‌ಗಳು ಪರಸ್ಪರ ಮಾತಾಡಬೇಕಾದರೆ ನಡುವೆ ರೂಟರ್ ಅಥವಾ ಆ ಕೆಲಸ ಬಲ್ಲ ಸ್ವಿಚ್ ಬೇಕೇ ಬೇಕು. ಚೀಟಿ ಸೇರಿದಾಗ ಈಥರ್ನೆಟ್ ಫ್ರೇಮಿನ ಗರಿಷ್ಠ ಗಾತ್ರ 1518ರಿಂದ 1522 ಬೈಟ್‌ಗೆ ಏರುತ್ತದೆ. ಕೆಲವು ಹಳೆಯ ಸ್ವಿಚ್‌ಗಳು ಇಷ್ಟಕ್ಕೇ ಅಂಥ ಫ್ರೇಮನ್ನು ಎಸೆದುಬಿಡುವುದುಂಟು.