ಒಮ್ಮೆ ತರಿಸಿದ್ದನ್ನು ಮತ್ತೆ ತರಿಸಬೇಡಿ

ಬೆಂಗಳೂರಿನ ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳಿಂದ 50,000 ರೂಪಾಯಿ ಮೀರಿದ ಮಾಲು ಹೊರಡಬೇಕಾದರೆ ಸಾಮಾನ್ಯವಾಗಿ ಇ-ವೇ ಬಿಲ್, ಅಂದರೆ ಪೋರ್ಟಲಿನಲ್ಲಿ ಪಡೆಯುವ ಸಾಗಣೆ ಚೀಟಿ, ಬೇಕು. ಟೆಂಪೊ ಲೋಡಾಗಿ ನಿಂತಿರುವಾಗ ಆ ಪೋರ್ಟಲಿನ ಪುಟ ತೆರೆದುಕೊಳ್ಳದಿದ್ದರೆ ಆಗುವ ಸಂಕಟ ಮಾಲೀಕರಿಗೆ ಗೊತ್ತು. ಈ ವ್ಯವಸ್ಥೆಯನ್ನು ದೇಶದಲ್ಲಿ ಮೊದಲು ಜಾರಿಗೆ ತಂದದ್ದು ಕರ್ನಾಟಕ, 2017ರ ಸೆಪ್ಟೆಂಬರ್‌ನಲ್ಲಿ. 2018ರ ಫೆಬ್ರವರಿ 1ರಂದು ದೇಶಕ್ಕೆಲ್ಲ ವಿಸ್ತರಿಸಿದ ದಿನವೇ ಪೋರ್ಟಲ್ ಕೈಕೊಟ್ಟು, ಜಾರಿ ಏಪ್ರಿಲ್ 1ಕ್ಕೆ ಹೋಯಿತು.

ಆ ದಿನದ ದೋಷ ಅಗೆಯುವುದು ನನ್ನ ಉದ್ದೇಶವಲ್ಲ. ಆದರೆ ಜನ ಮುಗಿಬೀಳುವ ಯಾವ ತಾಣವನ್ನಾದರೂ ಕೇಳಬಹುದು: ಸರ್ವರ್ ಮಾಡಬೇಕಿಲ್ಲದ ಎಷ್ಟು ಕೆಲಸವನ್ನು ಅದರ ಮೇಲೆ ಹೇರಿದ್ದೀರಿ? ಬಿಲ್ಲಿನ ಸಂಖ್ಯೆ, ಜಿಎಸ್‌ಟಿ ನಂಬರ್, ಗಾಡಿಯ ವಿವರ ಒಬ್ಬೊಬ್ಬರಿಗೂ ಬೇರೆ. ಅವನ್ನು ಡೇಟಾಬೇಸಿನಿಂದ ಆಗಿಂದಾಗಲೇ ತೆಗೆದುಕೊಡಬೇಕು. ಪುಟಕ್ಕೆ ರೂಪ ಕೊಡುವ ಸ್ಟೈಲ್‌ಶೀಟ್, ಬಟನ್ ಒತ್ತಿದಾಗ ಓಡುವ ಸ್ಕ್ರಿಪ್ಟ್ ಎಲ್ಲರಿಗೂ ಒಂದೇ. ಅವನ್ನೂ ಅಪ್ಲಿಕೇಶನ್ನೇ ಹಂಚುತ್ತ ಕೂರುವುದೆಂದರೆ ಫೋರ್‌ಮನ್ನನ್ನು ಟೀ ತರಲು ಕಳಿಸಿದ ಹಾಗೆ. ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರ್ ಅಥವಾ ಫೈಲುಗಳ ಪ್ರತಿಯನ್ನು ಹಲವೆಡೆ ಇಟ್ಟು ಹಂಚುವ ಸಿಡಿಎನ್ ಅದನ್ನು ನೋಡಿಕೊಳ್ಳಲಿ.

ಹಂಚುವ ಪ್ರಸಂಗವೇ ಬರದಿದ್ದರೆ ಇನ್ನೂ ಒಳ್ಳೆಯದು. ಫೈಲನ್ನು ಒಂದು ವರ್ಷ, ಅಂದರೆ 3,15,36,000 ಸೆಕೆಂಡು, ಇಟ್ಟುಕೋ ಎಂದು ಬ್ರೌಸರಿಗೆ ಹೇಳಬಹುದು. ನಾಳೆಯೇ ಸ್ಕ್ರಿಪ್ಟ್ ಬದಲಾದರೆ? ಇಲ್ಲಿ ಹಲವರು ಹೆದರಿ ಅವಧಿಯನ್ನು ಕುಗ್ಗಿಸುತ್ತಾರೆ. ಇಲ್ಲವೇ ‘ಕಂಟ್ರೋಲ್ ಎಫ್5 ಒತ್ತಿ ಸಾರ್’ ಎಂದು ಗಿರಾಕಿಗೆ ಫೋನಿನಲ್ಲಿ ಹೇಳುತ್ತಾರೆ. ಮದ್ದು ಇರುವುದು ಫೈಲಿನ ಹೆಸರಿನಲ್ಲಿ. ಒಳಗಿನ ಬರಹದಿಂದ ಲೆಕ್ಕ ಹಾಕಿದ ಹ್ಯಾಶನ್ನು ಹೆಸರಿಗೆ ಸೇರಿಸಿದರೆ, ಒಂದು ಅಲ್ಪವಿರಾಮ ಬದಲಾದರೂ ಹೆಸರು ಹೊಸದಾಗುತ್ತದೆ, ಬ್ರೌಸರ್ ತಾನಾಗಿ ಹೊಸದನ್ನು ತರಿಸಿಕೊಳ್ಳುತ್ತದೆ. ಎಚ್‌ಟಿಎಂಎಲ್ ಪುಟಕ್ಕೆ ಮಾತ್ರ ಈ ದೀರ್ಘಾಯುಷ್ಯ ಕೂಡದು. ಹೊಸ ಹೆಸರು ತಿಳಿಯುವುದು ಅದರಿಂದಲೇ. ತಾಣ ಕಟ್ಟುವ ಚೌಕಟ್ಟಾದ ರೈಲ್ಸ್ 2011ರಲ್ಲಿ, ತನ್ನ 3.1ನೇ ಆವೃತ್ತಿಯಲ್ಲೇ, ಹೀಗೆ ಹೆಸರಿಗೆ ಹ್ಯಾಶ್ ಸೇರಿಸಲು ಏರ್ಪಾಡು ಮಾಡಿತ್ತು. ಅಂಥವೇ ಆದ ಜ್ಯಾಂಗೊ, ಲಾರವೆಲ್‌ನಲ್ಲೂ ಇದೆ. ಹಳೆಯ ಹೆಸರಿನ ಫೈಲುಗಳನ್ನು ಕೂಡಲೇ ಅಳಿಸಬೇಡಿ. ಬೆಳಿಗ್ಗೆ ತೆರೆದ ಪುಟವನ್ನು ಸಂಜೆವರೆಗೂ ಮುಚ್ಚದ ಅಕೌಂಟೆಂಟರು ಇರುತ್ತಾರೆ; ಆ ಪುಟ ಕೇಳುವುದು ಹಳೆಯ ಹೆಸರನ್ನೇ.

ಕನ್ನಡದ ತಾಣಗಳಿಗೆ ಇನ್ನೊಂದು ಹೊರೆಯುಂಟು. ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8ರಲ್ಲಿ ಕಾಮಾಕ್ಷಿಪಾಳ್ಯದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 13 ಬೈಟ್. ಕನ್ನಡದಲ್ಲಿ ‘ಕಾಮಾಕ್ಷಿಪಾಳ್ಯ’ ಎಂದು ಬರೆದರೆ 39. ಸೂಚನೆಗಳೆಲ್ಲ ಕನ್ನಡದಲ್ಲಿರುವ ಸ್ಕ್ರಿಪ್ಟ್ ದಪ್ಪಗಾಗುವುದು ಹೀಗೆ. ಜಿಜಿಪ್ ಅಥವಾ ಬ್ರಾಟ್ಲಿಯಿಂದ ಕುಗ್ಗಿಸಿದರೆ ಈ ಭಾರದ ಬಹುಪಾಲು ಇಳಿಯುತ್ತದೆ. ಅದನ್ನೂ ಪ್ರತಿ ಕೋರಿಕೆಗೆ ಮಾಡದೆ, ಹೊಸ ಆವೃತ್ತಿ ಸಿದ್ಧವಾದಾಗ ಒಮ್ಮೆ ಮಾಡಿಟ್ಟರೆ ಸಾಕು.

ನಿಮ್ಮ ತಾಣವನ್ನು ಎರಡನೇ ಸಲ ತೆರೆಯುವಾಗ ಎಫ್12 ಒತ್ತಿ ನೆಟ್‌ವರ್ಕ್ ಪಟ್ಟಿ ನೋಡಿ. ಅದೇ ಸ್ಟೈಲ್‌ಶೀಟ್ ಮತ್ತೆ ಇಳಿಯುತ್ತಿದ್ದರೆ, ದೊಡ್ಡ ಸರ್ವರಿಗೆ ದುಡ್ಡು ಸುರಿಯುವ ಮೊದಲು ಅದನ್ನು ಸರಿಪಡಿಸಿ.