ಬ್ಯೂಟಿಷಿಯನ್ ಕೋರ್ಸ್: ಫೀಸು ಕಟ್ಟುವ ಮುಂಚಿನ ಲೆಕ್ಕ

ಕೈಯಲ್ಲೊಂದು ಕಸುಬಿದ್ದರೆ ಹೆಣ್ಣುಮಗಳು ಯಾರ ಹಂಗಿಲ್ಲದೆ ಬದುಕಬಹುದು. ಬ್ಯೂಟಿಷಿಯನ್ ಕೆಲಸ ಅಂಥದ್ದೊಂದು ಕಸುಬು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಊರೂರಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ನಡೆಸಿ ಮಕ್ಕಳನ್ನು ಓದಿಸಿದವರಿದ್ದಾರೆ. ಆದರೆ ಒಡವೆ ಗಿರವಿಯಿಟ್ಟು ಕೋರ್ಸಿಗೆ ಸೇರಿ, ಸಾಲ ತೀರುವ ಮುಂಚೆಯೇ ಕೆಲಸ ಬಿಟ್ಟವರೂ ಇದ್ದಾರೆ. ಕಸುಬಿನ ಬಗ್ಗೆ, ಕೋರ್ಸಿನ ಬಗ್ಗೆ ಹಬ್ಬಿರುವ ಕೆಲವು ನಂಬಿಕೆಗಳೇ ಇದಕ್ಕೆ ಕಾರಣ.

ತಪ್ಪು ಕಲ್ಪನೆ: ಕೋರ್ಸಿನ ಖರ್ಚು ಎಂದರೆ ಅದರ ಫೀಸು.

ಫೀಸು ಖರ್ಚಿನ ಒಂದು ಭಾಗ ಅಷ್ಟೇ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಟ್ಟೆ ಅಂಗಡಿಯಲ್ಲಿ ತಿಂಗಳಿಗೆ 10,000 ರೂಪಾಯಿಗೆ ದುಡಿಯುತ್ತಿರುವ ಹುಡುಗಿಯೊಬ್ಬಳು ಕೆಲಸ ಬಿಟ್ಟು ಆರು ತಿಂಗಳ ಕೋರ್ಸಿಗೆ ಸೇರುತ್ತಾಳೆ. ಫೀಸು 1 ಲಕ್ಷ. ನೋಂದಾಯಿತ ಖಾಸಗಿ ಅಕಾಡೆಮಿಯಾದರೆ ಅದರ ಮೇಲೆ ಶೇ 18ರ ಜಿಎಸ್‌ಟಿ, ಅಂದರೆ 18,000. ಜಾಹೀರಾತಿನಲ್ಲಿ ಹೇಳಿದ ಮೊತ್ತದಲ್ಲಿ ಇದು ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಬೇಕು. ಕಿಟ್, ಮೇಕಪ್ ಸಾಮಾನು, ಓಡಾಟಕ್ಕೆ 20,000. ಆರು ತಿಂಗಳು ಕೈತಪ್ಪಿದ ಸಂಬಳ 60,000. ಒಟ್ಟು 1,98,000 ರೂಪಾಯಿ.

ಕೋರ್ಸ್ ಮುಗಿಸಿ ಸಲೂನಿಗೆ ಸೇರಿದಾಗ ಮೊದಲ ಸಂಬಳ 12,000 ಎಂದಿಟ್ಟುಕೊಳ್ಳಿ. ಹಳೆಯ ಕೆಲಸಕ್ಕಿಂತ ಹೆಚ್ಚು ಸಿಕ್ಕಿದ್ದು 2,000 ಮಾತ್ರ. ಅಷ್ಟರಲ್ಲೇ ನಿಂತರೆ ಹಾಕಿದ ದುಡ್ಡು ವಾಪಸಾಗಲು 99 ತಿಂಗಳು, ಎಂಟು ವರ್ಷಕ್ಕೂ ಹೆಚ್ಚು. ಅದೇ ಸಂಪಾದನೆ 20,000ಕ್ಕೆ ಏರಿದರೆ ಇಪ್ಪತ್ತು ತಿಂಗಳಲ್ಲಿ ತೀರುತ್ತದೆ. ಹಾಗಾಗಿ ಅಕಾಡೆಮಿಯವರನ್ನು ‘ಫೀಸು ಎಷ್ಟು’ ಎಂದು ಕೇಳಿ ಸುಮ್ಮನಾಗಬೇಡಿ. ಎರಡು ವರ್ಷದ ಹಿಂದೆ ಕಲಿತು ಹೋದವರು ಈಗ ಎಷ್ಟು ಸಂಪಾದಿಸುತ್ತಿದ್ದಾರೆ ಎಂದು ಕೇಳಿ, ಅವರಲ್ಲಿ ನಾಲ್ಕು ಜನರ ಜೊತೆ ನೀವೇ ಮಾತಾಡಿ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಒಂದೆರಡು ಇಂಟರ್‌ವ್ಯೂಗೆ ಕಳಿಸುವ ಭರವಸೆ ಮಾತ್ರ.

ಇಎಂಐ ಬಗ್ಗೆಯೂ ಒಂದು ಮಾತು. ಕಂತಿನಲ್ಲಿ ಕಟ್ಟಿ ಎಂದಾಗ ಅದು ಹೆಚ್ಚಾಗಿ ಫೈನಾನ್ಸ್ ಕಂಪನಿಯೊಂದು ನಿಮ್ಮ ಹೆಸರಿನಲ್ಲಿ ಕೊಡುವ ಸಾಲ. ಕೋರ್ಸ್ ಅರ್ಧಕ್ಕೆ ಬಿಟ್ಟರೂ ಕಂತು ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಕಡಿಮೆ ಫೀಸಿನಲ್ಲಿ ಒಳ್ಳೆಯ ತರಬೇತಿ ಸಿಗದು.

ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಿಂದ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ಸ್ವ-ಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಊಟ, ವಸತಿ, ತರಬೇತಿ ಮೂರೂ ಉಚಿತ. ಅದರ ಮಾದರಿಯಲ್ಲೇ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳು ಬಂದವು. ಅಲ್ಲಿ ಬ್ಯೂಟಿ ಪಾರ್ಲರ್ ನಿರ್ವಹಣೆಯ ಸುಮಾರು ಒಂದು ತಿಂಗಳ ತರಬೇತಿ ಇರುತ್ತದೆ. ಕೆಲಸದ ಜೊತೆಗೆ ಲೆಕ್ಕ ಬರೆಯುವುದು, ಬ್ಯಾಂಕಿಗೆ ಅರ್ಜಿ ಹಾಕುವುದು, ಗಿರಾಕಿ ಜೊತೆ ಮಾತಾಡುವುದು ಎಲ್ಲವನ್ನೂ ಕಲಿಸುತ್ತಾರೆ. ಖಾಸಗಿ ಕೋರ್ಸುಗಳಲ್ಲಿ ಇವೇ ಬಿಟ್ಟುಹೋಗುವ ಪಾಠಗಳು.

ಮೇಲಿನ ಹುಡುಗಿಯ ಲೆಕ್ಕವನ್ನು ಇಲ್ಲಿಗೆ ಹಾಕಿ ನೋಡಿ: ಒಂದು ತಿಂಗಳ ಸಂಬಳ 10,000, ಕಿಟ್‌ಗೆ 20,000. ಅದೇ 2,000ದ ಹೆಚ್ಚಳದಲ್ಲೂ ಹದಿನೈದು ತಿಂಗಳಲ್ಲಿ ದುಡ್ಡು ವಾಪಸ್. ಒಂದು ತಿಂಗಳಲ್ಲಿ ಎಲ್ಲವನ್ನೂ ಕಲಿಯಲಾಗದು, ನಿಜ. ಆದರೆ ಈ ಕೆಲಸ ತನಗೆ ಒಗ್ಗುತ್ತದೆಯೇ, ದಿನವಿಡೀ ನಿಂತು ಮಾಡಲು ಆಗುತ್ತದೆಯೇ ಎಂಬುದು ಆ ಒಂದು ತಿಂಗಳಲ್ಲಿ ತಿಳಿಯುತ್ತದೆ. ದೊಡ್ಡ ಫೀಸು ಕಟ್ಟುವುದಾದರೆ ಆಮೇಲೆ ಕಟ್ಟಬಹುದು. ಇನ್ನೂ ಆಳವಾಗಿ ಕಲಿಯಬೇಕೆಂದರೆ ಐಟಿಐಗಳಲ್ಲಿ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ಟ್ರೇಡ್ ಇದೆ. ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ಅದರ ಸರ್ಟಿಫಿಕೇಟ್‌ಗೆ ದೇಶದೆಲ್ಲೆಡೆ ಮಾನ್ಯತೆಯಿದೆ.

ತಪ್ಪು ಕಲ್ಪನೆ: ಸರ್ಟಿಫಿಕೇಟ್ ಇಲ್ಲದೆ ಪಾರ್ಲರ್ ತೆರೆಯುವಂತಿಲ್ಲ.

ವೈದ್ಯರಿಗೆ, ವಕೀಲರಿಗೆ ಇರುವಂಥ ನೋಂದಣಿ ಕಾನೂನು ನಮ್ಮಲ್ಲಿ ಬ್ಯೂಟಿಷಿಯನ್‌ಗೆ ಇಲ್ಲ. ಅಂಗಡಿಗೆ ಪಂಚಾಯಿತಿ ಅಥವಾ ನಗರಸಭೆಯ ಟ್ರೇಡ್ ಲೈಸೆನ್ಸ್ ಬೇಕು. ದೊಡ್ಡ ಸಲೂನುಗಳಲ್ಲಿ ಕೆಲಸಕ್ಕೆ, ಬ್ಯಾಂಕ್ ಸಾಲಕ್ಕೆ ಸರ್ಟಿಫಿಕೇಟ್ ನೆರವಾಗುತ್ತದೆ.

ತಪ್ಪು ಕಲ್ಪನೆ: ಹಾಗಾದರೆ ಯೂಟ್ಯೂಬ್ ನೋಡಿ ಕಲಿತರಾಯಿತು.

ಸೀರೆ ಉಡಿಸುವುದು, ಜಡೆ ಹೆಣೆಯುವುದು ನೋಡಿ ಕಲಿತು ಪಳಗಬಹುದು. ರಾಸಾಯನಿಕದ ವಿಷಯ ಹಾಗಲ್ಲ. ಹೇರ್ ಡೈನಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಮುಖ ಊದುವಷ್ಟು ಅಲರ್ಜಿ ಮಾಡುತ್ತದೆ. ಅದಕ್ಕೇ ಎರಡು ದಿನ ಮುಂಚೆ ಪ್ಯಾಚ್ ಟೆಸ್ಟ್ ಮಾಡಬೇಕು. ಕೂದಲು ನೇರ ಮಾಡುವ ಕೆಲವು ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದು ಕ್ಯಾನ್ಸರ್‌ಕಾರಕ, ಮತ್ತು ದಿನವೂ ಅದನ್ನು ಉಸಿರಾಡುವುದು ಗಿರಾಕಿಯಲ್ಲ, ಬ್ಯೂಟಿಷಿಯನ್. ಗಾಳಿಯಾಡುವ ಕೋಣೆ, ಗ್ಲೌಸ್, ಸರಿಯಾದ ಅಳತೆ ಇವನ್ನು ಪಕ್ಕದಲ್ಲಿ ನಿಂತು ಹೇಳಿಕೊಡುವವರು ಬೇಕೇ ಬೇಕು. ಫೀಸಿಗೆ ಬೆಲೆಯಿರುವುದು ಇಲ್ಲಿ. ದಿನಕ್ಕೆ ಎಷ್ಟು ಹೊತ್ತು ನಿಜವಾದ ಮನುಷ್ಯರ ಮೇಲೆ ಕೈಕೆಲಸ ಮಾಡಿಸುತ್ತಾರೆ, ಒಂದು ಬ್ಯಾಚಿಗೆ ಎಷ್ಟು ಜನ ಎಂದು ಕೇಳಿ.

ತಪ್ಪು ಕಲ್ಪನೆ: ಸ್ವಂತ ಪಾರ್ಲರ್ ಇಟ್ಟರೆ, ಮದುಮಗಳ ಮೇಕಪ್ ಹಿಡಿದರೆ ದುಡ್ಡೇ ದುಡ್ಡು.

ಥ್ರೆಡಿಂಗ್‌ಗೆ 50 ರೂಪಾಯಿ, ಅಂಗಡಿ ಬಾಡಿಗೆ 6,000 ಎಂದಾದರೆ ತಿಂಗಳಿಗೆ 120 ಹುಬ್ಬು ತಿದ್ದಿದಾಗ ಬಾಡಿಗೆಯಷ್ಟೇ ಹುಟ್ಟುತ್ತದೆ. ಕರೆಂಟು, ಸಾಮಾನು ಆಮೇಲೆ. ಬೆಂಗಳೂರಿನಲ್ಲಾದರೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಮಾಮೂಲು. ಮದುವೆ ಮೇಕಪ್‌ನಲ್ಲಿ ಒಂದೇ ದಿನಕ್ಕೆ ದೊಡ್ಡ ಮೊತ್ತ ಬರುವುದು ಸುಳ್ಳಲ್ಲ. ಆದರೆ ಆಷಾಢದಲ್ಲಿ, ಧನುರ್ಮಾಸದಲ್ಲಿ ಲಗ್ನವಿಲ್ಲ. ಒಳ್ಳೆಯ ಮುಹೂರ್ತಗಳೆಲ್ಲ ಕೆಲವೇ ದಿನಗಳಲ್ಲಿ ಸೇರಿಕೊಂಡು, ಒಂದೇ ಬೆಳಿಗ್ಗೆ ಮೂರು ಮನೆಯವರು ಕರೆಯುತ್ತಾರೆ. ಒಪ್ಪಿಕೊಳ್ಳಲಾಗುವುದು ಒಂದನ್ನು. ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸಿ ನೋಡಿದವರಿಗೇ ನಿಜವಾದ ತಿಂಗಳ ಸಂಪಾದನೆ ತಿಳಿಯುವುದು. ಮನೆಯಲ್ಲೇ ಶುರುಮಾಡಿ, ಗಿರಾಕಿ ಕೂಡಿದ ಮೇಲೆ ಅಂಗಡಿ ಹಿಡಿಯುವುದು ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕುರ್ಚಿ, ಕನ್ನಡಿ, ಸ್ಟೀಮರ್‌ಗೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ಜಾಮೀನಿಲ್ಲದೆ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ.

ತಪ್ಪು ಕಲ್ಪನೆ: ‘ಇಂಟರ್‌ನ್ಯಾಷನಲ್’ ಡಿಪ್ಲೊಮಾ ಇದ್ದರೆ ವಿದೇಶದಲ್ಲಿ ಕೆಲಸ ಖಚಿತ.

ಮದುವೆಯಾಗಿ ಅಮೆರಿಕಕ್ಕೆ ಹೊರಟ ಹುಡುಗಿಯರು ಇದನ್ನು ನಂಬಿ ಲಕ್ಷಗಳನ್ನು ಕಟ್ಟುತ್ತಾರೆ. ಅಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ನ್ಯೂಯಾರ್ಕ್, ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ಕಾಸ್ಮೆಟಾಲಜಿಗೆ 1,000 ಗಂಟೆಗಳ ತರಬೇತಿ ಬೇಕು, ಮೇಲೆ ಪರೀಕ್ಷೆ. ಕ್ಯಾಲಿಫೋರ್ನಿಯಾದಲ್ಲಿ 2022ಕ್ಕೆ ಮುಂಚೆ ಇದು 1,600 ಗಂಟೆ ಇತ್ತು. ನಮ್ಮ ಹುಡುಗಿಯರಿಗೆ ಸಲೀಸಾದ ಥ್ರೆಡಿಂಗ್‌ಗೂ ಟೆಕ್ಸಾಸ್ 750 ಗಂಟೆಗಳ ತರಬೇತಿ ಕೇಳುತ್ತಿತ್ತು. ಥ್ರೆಡಿಂಗ್ ವೃತ್ತಿಯಲ್ಲಿದ್ದ ಆಶಿಷ್ ಪಟೇಲ್ ಮತ್ತಿತರರು ಕೋರ್ಟಿಗೆ ಹೋಗಿ, 2015ರಲ್ಲಿ ಟೆಕ್ಸಾಸ್ ರಾಜ್ಯದ ಸುಪ್ರೀಂ ಕೋರ್ಟ್ ಆ ನಿಯಮವನ್ನು ತೆಗೆದುಹಾಕಿತು. ಅದು ಟೆಕ್ಸಾಸ್‌ಗಷ್ಟೇ ಅನ್ವಯ. ವೀಸಾದಲ್ಲಿ ದುಡಿಯಲು ಅನುಮತಿ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಹೋಗುವ ರಾಜ್ಯದ ಲೈಸೆನ್ಸ್ ಮಂಡಳಿಗೆ ಒಂದು ಇಮೇಲ್ ಬರೆದು, ಭಾರತದಲ್ಲಿ ಕಲಿತ ಗಂಟೆಗಳನ್ನು ಎಣಿಸುತ್ತೀರಾ ಎಂದು ಕೇಳಿ. ಉತ್ತರ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.