ಬಿಳಿಯ ತಟ್ಟೆಯೂ ಸರೋವರದ ನೆರೆಹೊರೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರದಂಚಿನಲ್ಲಿರುವ ಮಿನ್ನೆಸೋಟ ರಾಜ್ಯವು ಸರೋವರಗಳ ನಾಡು. ಹತ್ತು ಎಕರೆಗಿಂತ ದೊಡ್ಡವೇ ಅಲ್ಲಿ 11,000ಕ್ಕೂ ಮಿಕ್ಕಿವೆ. ಬೇಸಗೆಯ ಹಗಲಿನಲ್ಲಿ ಅಂತಹುದೊಂದರ ದಡದಲ್ಲಿ ನಿಂತರೆ ವಿಚಿತ್ರವಾದ ನೋಟವೊಂದು ಕಣ್ಣಿಗೆ ಬೀಳಬಹುದು. ನಿವೃತ್ತ ಉಪಾಧ್ಯಾಯರೋ ಅಂಗಡಿಯ ಯಜಮಾನರೋ ಒಬ್ಬರು ದೋಣಿಯನ್ನು ಆಳವಾದ ಭಾಗಕ್ಕೆ ನಡೆಸಿ, ಲಂಗರು ಹಾಕಿ, ಹಗ್ಗಕ್ಕೆ ಕಟ್ಟಿದ ಬಿಳಿಯ ತಟ್ಟೆಯನ್ನು ನೀರಿನೊಳಕ್ಕೆ ಮೆಲ್ಲನೆ ಇಳಿಬಿಡುತ್ತಾರೆ. ಅದು ಕಣ್ಮರೆಯಾದ ಆಳವನ್ನೂ, ಮೇಲಕ್ಕೆಳೆದಾಗ ಮರಳಿ ಕಾಣಿಸಿದ ಆಳವನ್ನೂ ಗುರುತಿಸಿ, ಎರಡರ ಸರಾಸರಿಯನ್ನು ಬರೆದುಕೊಂಡು ಮನೆಗೆ ಹಿಂದಿರುಗುತ್ತಾರೆ. ಅವರಿಗೆ ಸಂಬಳವಿಲ್ಲ. ಸರೋವರದ ನಿವಾಸಿಗಳು ತಾವೇ ಕಟ್ಟಿಕೊಂಡ ಸಂಘದ ಸದಸ್ಯರು ಅವರು, ಅಷ್ಟೆ. ಮಕ್ಕಳಾಟದಂತೆ ತೋರುವ ಈ ಕೆಲಸದಿಂದ ಪ್ರಯೋಜನವೇನು?

ಈ ಉಪಕರಣದ ಕಥೆ 1865ರಷ್ಟು ಹಳೆಯದು. ಆ ವರ್ಷ ಇಟಲಿಯ ಖಗೋಳ ವಿಜ್ಞಾನಿ ಏಂಜೆಲೊ ಸೆಕ್ಕಿ ಎಂಬ ಪಾದ್ರಿಯು ಪೋಪರ ಹಡಗಿನಲ್ಲಿ ಕುಳಿತು, ಮೆಡಿಟರೇನಿಯನ್ ಸಮುದ್ರದ ನೀರು ಎಷ್ಟು ತಿಳಿಯಾಗಿದೆಯೆಂಬುದನ್ನು ಇಂತಹ ತಟ್ಟೆಗಳಿಂದ ಅಳೆದನು. ಇಂದಿಗೂ ಅದಕ್ಕೆ ಸೆಕ್ಕಿ ತಟ್ಟೆಯೆಂದೇ ಹೆಸರು. ಸರೋವರಗಳಲ್ಲಿ ಬಳಸುವ ತಟ್ಟೆಯ ವ್ಯಾಸ ಸಾಮಾನ್ಯವಾಗಿ 20 ಸೆಂಟಿಮೀಟರು.

ತಟ್ಟೆ ಮರೆಯಾಗುವುದೇಕೆ? ಒಂದು ಮೀಟರು ನೀರು ತನ್ನೊಳಗೆ ಹೊಕ್ಕ ಬೆಳಕಿನಲ್ಲಿ ಅರ್ಧವನ್ನು ತಡೆಯುವುದೆಂದು ಭಾವಿಸೋಣ. ಎರಡು ಮೀಟರು ಆಳದಲ್ಲಿ ಕಾಲುಭಾಗವೂ ಮೂರು ಮೀಟರಿನಲ್ಲಿ ಎಂಟನೆಯ ಒಂದು ಭಾಗವೂ ಉಳಿಯುತ್ತವೆ. ತಟ್ಟೆಯನ್ನು ಮುಟ್ಟಿದ ಬೆಳಕು ಅಷ್ಟೇ ದೂರವನ್ನು ಮತ್ತೆ ಕ್ರಮಿಸಿ ನಮ್ಮ ಕಣ್ಣಿಗೆ ಬರಬೇಕು. ಈ ನಡುವೆ ನೀರಿನಲ್ಲಿ ತೇಲುವ ಕಣಗಳೂ ಬೆಳಕನ್ನು ಚೆದರಿಸಿ ಕಣ್ಣಿಗೆ ಕಳುಹಿಸುತ್ತವೆ. ತಟ್ಟೆಯ ಹೊಳಪಿಗೂ ಸುತ್ತಲಿನ ನೀರಿನ ಹೊಳಪಿಗೂ ವ್ಯತ್ಯಾಸ ತಿಳಿಯದಾದಾಗ ತಟ್ಟೆ ಕಾಣದಾಗುತ್ತದೆ. ಅನೇಕ ಸರೋವರಗಳಲ್ಲಿ ಈ ಕಣಗಳ ಬಹುಪಾಲು ಸೂಕ್ಷ್ಮವಾದ ಪಾಚಿಯೇ. ಆದುದರಿಂದ ತಟ್ಟೆಯ ಆಳವು ಪಾಚಿಯ ಪ್ರಮಾಣವನ್ನು ಪರೋಕ್ಷವಾಗಿ ತಿಳಿಸುತ್ತದೆ. ರಾಬರ್ಟ್ ಕಾರ್ಲ್‌ಸನ್ 1977ರಲ್ಲಿ ಇದನ್ನು ಒಂದು ಸೂಚ್ಯಂಕಕ್ಕೆ ಅಳವಡಿಸಿದನು: 64 ಮೀಟರಿಗೆ ಸೊನ್ನೆ, ಆಳ ಅರ್ಧವಾದಂತೆಲ್ಲ ಹತ್ತು ಹೆಚ್ಚು. ಒಂದು ಮೀಟರಿಗೆ ಎಷ್ಟಾಯಿತೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು.

ಒಂದು ದಿನದ ಅಳತೆಯಿಂದ ಹೆಚ್ಚೇನೂ ತಿಳಿಯದು. ಗಾಳಿ, ಮಳೆ, ಋತು ಇವುಗಳಿಂದ ನೀರು ವಾರವಾರಕ್ಕೂ ಬದಲಾಗುತ್ತದೆ. ಅದೇ ಸ್ಥಳದಲ್ಲಿ, ಅದೇ ಕ್ರಮದಲ್ಲಿ ವರ್ಷಗಟ್ಟಲೆ ಅಳೆದರೆ ಮಾತ್ರ ಸರೋವರವು ಕೆಡುತ್ತಿದೆಯೋ ಸುಧಾರಿಸುತ್ತಿದೆಯೋ ಗೊತ್ತಾದೀತು. ಸಾವಿರಾರು ಸರೋವರಗಳಿಗೆ ಪ್ರತಿವಾರವೂ ವಿಜ್ಞಾನಿಗಳನ್ನು ಕಳುಹಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಅದಕ್ಕಾಗಿಯೇ ಮಿನ್ನೆಸೋಟದಲ್ಲಿ 1973ರಲ್ಲಿ ಈ ಕೆಲಸವನ್ನು ನಾಗರಿಕರಿಗೆ ಒಪ್ಪಿಸುವ ಯೋಜನೆ ಆರಂಭವಾಯಿತು.

ಪಾಚಿಗೆ ಆಹಾರವೆಲ್ಲಿಂದ? ಅದೇ 1973ರಲ್ಲಿ ನೆರೆಯ ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಡೇವಿಡ್ ಷಿಂಡ್ಲರನು ಒಂದು ಸರೋವರವನ್ನು ಪರದೆಯಿಂದ ಇಬ್ಭಾಗಮಾಡಿದನು. ಎರಡು ಭಾಗಗಳಿಗೂ ಇಂಗಾಲ, ಸಾರಜನಕಗಳನ್ನು ಬೆರೆಸಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದನು. ರಂಜಕ ಬಿದ್ದ ಭಾಗವು ಹಸುರು ಪಾಚಿಯಿಂದ ತುಂಬಿಹೋಯಿತು. ಇನ್ನೊಂದು ತಿಳಿಯಾಗಿಯೇ ಉಳಿಯಿತು. ಒಂದು ಕಿಲೋಗ್ರಾಂ ರಂಜಕವು ಸುಮಾರು 500 ಕಿಲೋಗ್ರಾಂ ಹಸಿ ಪಾಚಿಯನ್ನು ಬೆಳೆಸಬಲ್ಲುದೆಂದು ಅಂದಾಜು.

ಸಂಘದವರಿಗೆ ಕಹಿಯಾದ ಸತ್ಯವೂ ಇದೇ. ರಂಜಕದ ಒಂದು ಪಾಲು ಅವರ ಮನೆಯ ಹುಲ್ಲುಹಾಸಿನ ಗೊಬ್ಬರದಿಂದಲೂ ಸೋರುವ ಮಲಗುಂಡಿಗಳಿಂದಲೂ ಬರುತ್ತದೆ. ದೂರಲು ಹೊರಟವರು ತಮ್ಮ ಅಂಗಳವನ್ನೇ ಮೊದಲು ನೋಡಬೇಕಾಯಿತು. ಗುಂಡಿಗಳ ದುರಸ್ತಿ, ದಡದಲ್ಲಿ ನಾಡಗಿಡಗಳನ್ನು ನೆಡುವುದು, ನೆರೆಯವರಿಗೆ ತಿಳಿಯಹೇಳುವುದು ಇಂತಹ ಸಂಘಗಳ ನಿತ್ಯದ ಕೆಲಸಗಳಾದವು. ಹುಲ್ಲುಹಾಸಿಗೆ ರಂಜಕದ ಗೊಬ್ಬರ ಹಾಕುವುದನ್ನು ನಿರ್ಬಂಧಿಸುವ ಶಾಸನವು 2002ರಲ್ಲಿ ಅಂಗೀಕೃತವಾಗಿ, 2005ರಿಂದ ರಾಜ್ಯಾದ್ಯಂತ ಜಾರಿಗೆ ಬಂದಿತು. ಆದರೂ ಫಲ ಬೇಗನೆ ಕಾಣಿಸದು. ತಳದ ಕೆಸರಿನಲ್ಲಿ ಸಂಗ್ರಹವಾದ ಹಳೆಯ ರಂಜಕವು, ಅಲ್ಲಿ ಆಮ್ಲಜನಕ ತೀರಿದಾಗ, ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ.

ನೀರು ತಿಳಿಯಾದರೆ ಎಲ್ಲವೂ ಕ್ಷೇಮವೆಂದು ಭಾವಿಸಲೂಬಾರದು. ಯುರೋಪಿನ ಕಡೆಯಿಂದ ಹಡಗುಗಳೊಡನೆ ಬಂದ ಜೀಬ್ರಾ ಮಸ್ಸೆಲ್ ಎಂಬ ಪುಟ್ಟ ಚಿಪ್ಪುಜೀವಿಯು ಪಾಚಿಯನ್ನು ಸೋಸಿ ತಿಂದು, ನೀರನ್ನು ತಿಳಿಯಾಗಿಸಿ, ಇತರ ಜೀವಿಗಳ ಆಹಾರವನ್ನೇ ಕಸಿದುಕೊಳ್ಳುತ್ತದೆ. ತಟ್ಟೆ ಆಳವನ್ನು ಹೇಳುತ್ತದೆ, ಕಾರಣವನ್ನಲ್ಲ.

ದೋಣಿಯಲ್ಲಿ ಬರೆದ ಅಂಕಿಗಳಿಗೆ ಯಾರೂ ನಿರೀಕ್ಷಿಸದ ಉಪಯೋಗವೊಂದು ಒದಗಿತು. ಮಿನ್ನೆಸೋಟ ವಿಶ್ವವಿದ್ಯಾನಿಲಯದವರು ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಲ್ಲಿ ಕಂಡ ನೀರಿನ ಹೊಳಪನ್ನು, ಆ ಸಮಯದಲ್ಲಿ ಸ್ವಯಂಸೇವಕರು ಅಳೆದ ಆಳಗಳೊಡನೆ ಹೋಲಿಸಿ ಸಂಬಂಧವನ್ನು ಕಂಡುಹಿಡಿದರು. ಅದರ ಬಲದಿಂದ 1985ರಿಂದ 2005ರವರೆಗಿನ ಅವಧಿಗೆ 10,000ಕ್ಕೂ ಹೆಚ್ಚು ಸರೋವರಗಳ ತಿಳಿತನವನ್ನು ಲೆಕ್ಕಹಾಕಿದರು. ತಟ್ಟೆಯ ಅಳತೆಗಳಿಲ್ಲದಿದ್ದರೆ ಆ ಚಿತ್ರಗಳು ಬರಿಯ ಚಿತ್ರಗಳಾಗಿಯೇ ಉಳಿಯುತ್ತಿದ್ದವು.

ನಮ್ಮ ವಿದ್ಯಾರ್ಥಿಗಳೂ ಅಧ್ಯಾಪಕರ ಜೊತೆಗೂಡಿ ಊರ ಕೆರೆಯಲ್ಲಿ ಇದನ್ನು ಮಾಡಿ ನೋಡಬಹುದು. ಮಳೆಗಾಲದ ಕೆಮ್ಮಣ್ಣೂ ತಟ್ಟೆಯನ್ನು ಮರೆಮಾಡುವುದರಿಂದ ನೀರಿನ ಬಣ್ಣವನ್ನೂ ಬರೆದಿಡತಕ್ಕದ್ದು. ತಟ್ಟೆ, ಹಗ್ಗ, ಪುಸ್ತಕ ಇಷ್ಟು ಸಾಕು. ಮುಂದಿನ ವಾರವೂ, ಮುಂದಿನ ವರ್ಷವೂ ತಪ್ಪದೆ ಹೋಗಿ ಅಳೆಯುವುದೇ ಕಷ್ಟವಾದ ಭಾಗ.